ಗಾದಿಯಿಂದ ಏಳುವ ಹಾಗಿಲ್ಲ

ನಾನು ಕೆಲಸ ಮಾಡುತ್ತಿದ್ದ ಸೀರೆ ಅಂಗಡಿ ಕಮರ್ಷಿಯಲ್ ಸ್ಟ್ರೀಟಿನಲ್ಲಿತ್ತು. ಅದರ ಮೇಲಿನ ಮಹಡಿಯಲ್ಲಿ ಮದುವೆ ಸೀರೆಯ ಗಾದಿ. ಗೋಡೆಯಿಂದ ಗೋಡೆಗೆ ಹತ್ತಿಯ ಹಾಸಿಗೆ, ಮೇಲೆ ದಿನಾ ಬೆಳಗ್ಗೆ ಬದಲಿಸುವ ಬಿಳಿ ಬಟ್ಟೆ. ಗಿರಾಕಿಗಳು ಚಪ್ಪಲಿ ಬಿಟ್ಟು ಆ ಕಡೆ ಕೂರಬೇಕು, ಸೀರೆ ಬಿಡಿಸಿ ತೋರಿಸುವ ನಾವು ಈ ಕಡೆ. ಅಲ್ಲಿಗೆ ಎರಡು ಕಟ್ಟುಪಾಡು. ಧಾರೆ ಸೀರೆ ನೋಡಲು ಶುರುಮಾಡಿದ ಮೇಲೆ, ಅವರು ಒಂದನ್ನು ಆರಿಸಿ ಅದರ ಸೆರಗಿಗೆ ಕುಂಕುಮ ಇಡುವ ತನಕ ತೋರಿಸುವವಳು ಗಾದಿಯಿಂದ ಏಳುವ ಹಾಗಿಲ್ಲ. ಎದ್ದರೆ ಸಂಬಂಧ ಮುರಿಯುತ್ತದಂತೆ. ಯಜಮಾನರ ತಾತನ ಕಾಲದಿಂದ ನಡೆದು ಬಂದದ್ದು. ಇನ್ನೊಂದು, ಮುಟ್ಟಾದ ಹೆಂಗಸರು ಮೂರು ದಿನ ಗಾದಿ ಹತ್ತುವ ಹಾಗಿಲ್ಲ. ಆ ದಿನಗಳಲ್ಲಿ ಕೆಳಗೆ ಬ್ಲೌಸ್ ಪೀಸಿನ ಕೌಂಟರಿನಲ್ಲಿ ನಿಲ್ಲಬೇಕು.

ಈ ಎರಡು ಕಟ್ಟುಪಾಡಿನ ನಡುವೆ ನಾನು ಸಿಕ್ಕಿಹಾಕಿಕೊಂಡೆ. ಯಾಕೆಂದರೆ ನನಗೆ ಮೂತ್ರ ನಿಲ್ಲುತ್ತಿರಲಿಲ್ಲ. ಹೀಗೆ ಬರೆಯುವುದಕ್ಕೆ ಈಗ ನಾಚಿಕೆಯಿಲ್ಲ. ಆಗ ಇತ್ತು, ಬೇಕಾದಷ್ಟಿತ್ತು.

ಎರಡನೆಯ ಹೆರಿಗೆಯಲ್ಲಿ ಒಂದು ಹಗಲು ಒಂದು ರಾತ್ರಿ ತಿಣುಕಿದ್ದೆ. ಅಲ್ಲಿಂದಾಚೆಗೆ ಸೀನಿದರೆ ಸ್ವಲ್ಪ, ಕೆಮ್ಮಿದರೆ ಸ್ವಲ್ಪ, ಜೋರಾಗಿ ನಕ್ಕರೆ ಸ್ವಲ್ಪ. ಬಾಣಂತನದ ಸುಸ್ತು, ಹೋಗುತ್ತೆ ಅಂದರು ನಮ್ಮವ್ವ. ಹೋಗಲಿಲ್ಲ. ಮಗಳು ಹೈಸ್ಕೂಲಿಗೆ ಬಂದಳು, ನನ್ನ ಒದ್ದೆ ಹಾಗೇ ಉಳಿಯಿತು. ಬರಬರುತ್ತಾ ಅವಸರವೂ ಸೇರಿಕೊಂಡಿತು. ಹೋಗಬೇಕು ಅನ್ನಿಸಿದರೆ ಮುಗಿಯಿತು, ಬಚ್ಚಲು ಸಿಗುವ ತನಕ ಅದು ಕಾಯುವುದಿಲ್ಲ.

ಅಂಗಡಿಯಲ್ಲಿ ನನ್ನನ್ನು ಗುಲ್ಬರ್ಗದಮ್ಮ ಅನ್ನುತ್ತಿದ್ದರು. ಗಂಡನಿಗೆ ಮಹದೇವಪುರದ ಕಡೆ ಲೇತ್ ಕೆಲಸ ಸಿಕ್ಕಿ, ಕೃಷ್ಣರಾಜಪುರದ ಸಂತೆಯ ಹಿಂದಿನ ಸಾಲುಮನೆಗಳಲ್ಲಿ ಒಂದು ಕೋಣೆ ಹಿಡಿದಿದ್ದೆವು. ಕೆಲಸದ ಮಟ್ಟಿಗೆ ನನಗೆ ಜಂಬವಿತ್ತು, ಸುಳ್ಳು ಯಾಕೆ ಹೇಳಲಿ. ಒಂದು ಕಾಲು ಮಡಚಿ, ಒಂದು ಮಂಡಿ ಎತ್ತಿ ಕೂತು, ಮಡಿಕೆಯ ಎರಡು ತುದಿ ಹಿಡಿದು ಮಣಿಕಟ್ಟಿನಲ್ಲೇ ಒಂದು ಸಲ ಒದರಿದರೆ ಸೀರೆ ಅಷ್ಟುದ್ದ ಬಿಚ್ಚಿಕೊಂಡು ಸೆರಗಿನ ಜರಿ ಸರಿಯಾಗಿ ಮದುಮಗಳ ತಾಯಿಯ ಮಡಿಲ ಮುಂದೆ ಬೀಳಬೇಕು. ಮದುಮಗಳಿಗಲ್ಲ, ತಾಯಿಗೆ. ಒಪ್ಪುವವಳು ತಾಯಿ. ಮೊದಲಿಗೆ ಒಳ್ಳೆಯದನ್ನು ತೆಗೆಯಬಾರದು, ಬಹಳ ತಡಮಾಡಲೂ ಬಾರದು. ಹಿರಿಮಗಳಿಗೆ ನನ್ನ ಕೈಯಿಂದ ಸೀರೆ ಒಯ್ದವರು ಕಿರಿಮಗಳ ಮದುವೆಗೆ ಬಂದು, ಗುಲ್ಬರ್ಗದಮ್ಮ ಇದ್ದಾರಾ ಎಂದು ಕೇಳುತ್ತಿದ್ದರು.

ಆದರೆ ಹಿಂದಿನ ತಳಗಡೆ ಖಾನೆಯಿಂದ ರೇಷ್ಮೆಯ ಕಟ್ಟನ್ನು ಎಳೆದು ಎತ್ತಬೇಕಲ್ಲ, ಆಗ ಹೊಟ್ಟೆ ಬಿಗಿಯಾಗುತ್ತದೆ. ಅಷ್ಟು ಸಾಕು. ಮುಖದಲ್ಲಿ ನಗು, ಬಾಯಲ್ಲಿ 'ಈ ಬಾರ್ಡರ್ ನೋಡಿ ಅಮ್ಮಾ', ಕೆಳಗೆ ಬೆಚ್ಚಗೆ ಇಳಿಯುತ್ತಿರುವುದು ನನಗೊಬ್ಬಳಿಗೇ ಗೊತ್ತು.

ಅದಕ್ಕೆ ನನ್ನದೇ ಏರ್ಪಾಡಿತ್ತು. ಹಳೆಯ ನೂಲಿನ ಸೀರೆ ಹರಿದು, ದಪ್ಪ ಮಡಿಕೆ ಹಾಕಿ, ಮಧ್ಯಕ್ಕೆ ಹಾಲಿನ ಕವರು ಕತ್ತರಿಸಿ ಇಟ್ಟು ಹೊಲಿದ ಬಟ್ಟೆಗಳು. ಕಪ್ಪು ಲಂಗ, ಅದರ ಮೇಲೆ ದಟ್ಟ ಬಣ್ಣದ ಸೀರೆ. ಚೀಲದಲ್ಲಿ ಒಣಗಿದ್ದಕ್ಕೊಂದು ಕವರು, ಒದ್ದೆಯದಕ್ಕೊಂದು ಕವರು. ಮನೆಯಲ್ಲಿ ಸಾಲಿಗೆಲ್ಲ ಒಂದೇ ಬಚ್ಚಲು. ಎಲ್ಲರಿಗಿಂತ ಮುಂಚೆ ಎದ್ದು ತೊಳೆದು, ತಂತಿಯ ಮೇಲೆ ಟವೆಲಿನ ಅಡಿಗೆ ಒಣಹಾಕುವುದು. ಮಳೆಗಾಲದಲ್ಲಿ ಅವು ಒಣಗದೆ, ಇಸ್ತ್ರಿಪೆಟ್ಟಿಗೆ ಒತ್ತಿ ಒಣಗಿಸಿದ್ದೂ ಉಂಟು. ಎಲ್ಲಕ್ಕಿಂತ ದೊಡ್ಡ ಏರ್ಪಾಡೆಂದರೆ ನೀರು ಕುಡಿಯದಿರುವುದು. ಬೆಳಗ್ಗೆ ಅರ್ಧ ಲೋಟ ಚಹಾ, ಊಟಕ್ಕೆ ಎರಡು ಗುಟುಕು ನೀರು. ಅದರಿಂದ ಉರಿ, ಕೆಟ್ಟ ವಾಸನೆ, ಇನ್ನಷ್ಟು ಅವಸರ. ಉರಿಗೆ ನಾನು ಕಂಡುಕೊಂಡಿದ್ದ ಮದ್ದು ಇನ್ನೂ ಕಡಿಮೆ ಕುಡಿಯುವುದು. ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ.

ನೌಕರರ ಶೌಚಾಲಯ ಅಂಗಡಿಯ ಹಿಂದಿನ ಓಣಿ ದಾಟಿ ಗೋಡೌನಿನಲ್ಲಿತ್ತು. ಸುತ್ತಮುತ್ತಲ ಅಂಗಡಿಯವರಿಗೆಲ್ಲ ಅದೊಂದೇ, ಯಾವಾಗಲೂ ಸಾಲು. ಮೇಲಿನ ಮಹಡಿಯಲ್ಲಿ, ಗಾದಿಯಿಂದ ನಾಲ್ಕು ಹೆಜ್ಜೆಯಲ್ಲೇ ಇನ್ನೊಂದಿತ್ತು. ಅದು ಯಜಮಾನರ ಮನೆಯವರಿಗೆ ಮಾತ್ರ. ಅದರ ಬೀಗದ ಕೈ ಯಜಮಾನರ ಹೆಂಡತಿಯ ಸೊಂಟದ ಗೊಂಚಲಿನಲ್ಲಿ ಇರುತ್ತಿತ್ತು. ಅವರನ್ನು ನಾವು ಅಮ್ಮಾವ್ರು ಅನ್ನುತ್ತಿದ್ದೆವು. ಕ್ಯಾಶಿನಲ್ಲಿ ಕೂರುವವರು ಅವರೇ. ಆ ಬಾಗಿಲಿನ ಕಡೆ ನಾವ್ಯಾರೂ ನೋಡುತ್ತಲೂ ಇರಲಿಲ್ಲ.

ಆ ವರ್ಷ ಮಾಘ ಮಾಸದ ಲಗ್ನಗಳು ಜೋರಾಗಿದ್ದವು. ಕೃಷ್ಣರಾಜಪುರಕ್ಕೆ ತೂಗು ಸೇತುವೆ ಇನ್ನೂ ಬಂದಿರಲಿಲ್ಲ; ರೈಲ್ವೆ ಗೇಟು ಬಿದ್ದರೆ ಬಸ್ಸು ನಿಂತಲ್ಲೇ. ಒಂದು ಬೆಳಗ್ಗೆ ಗೇಟಿನಲ್ಲೂ ನಿಂತು, ಟಿನ್ ಫ್ಯಾಕ್ಟರಿಯಲ್ಲೂ ನಿಂತು, ಶಿವಾಜಿನಗರ ತಲುಪುವಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂದಿತ್ತು. ಬಸ್ಸಿನ ಮೆಟ್ಟಿಲು ಇಳಿಯುವಾಗ ಹೋಗಿಯೇಬಿಟ್ಟಿತು, ಸ್ವಲ್ಪವಲ್ಲ, ಪೂರ್ತಿ. ಬಟ್ಟೆ ಬದಲಿಸಬಹುದು, ಲಂಗ ಎಲ್ಲಿಂದ ತರಲಿ? ಒದ್ದೆ ಲಂಗದಲ್ಲೇ ಮಹಡಿ ಹತ್ತಿ, ಗಾದಿಯ ಅಂಚಿನಲ್ಲಿ ಕಾಲೆತ್ತಲಾಗದೆ ನಿಂತೆ. ಮುಂದೆ ಹಾಲಿನಂಥ ಬಿಳಿ ಬಟ್ಟೆ. ಆ ಕಡೆ ಮದುವೆಯವರು ಬಂದು ಕೂತಾಗಿತ್ತು.

ಗಾದಿಯಲ್ಲಿ ನನ್ನ ಪಕ್ಕಕ್ಕೆ ಕೂರುವವಳು ಹಲಸೂರಕ್ಕ. ಹಲಸೂರು ಮಾರ್ಕೆಟ್ಟಿನ ಹಿಂದೆ ಮನೆ, ಮನೆಮಾತು ತಮಿಳು, ನನಗಿಂತ ಹಿರಿಯಳು. ಒಳ್ಳೆಯ ಜೀವ, ಆದರೆ ಬಾಯಿಗೆ ಚಿಲಕವಿಲ್ಲ. ಅವಳು ನನ್ನ ಮುಖ ನೋಡಿ ಮೆಲ್ಲಗೆ ಕೇಳಿದಳು.

"ಏನ್ಮಾ, ಹೊರಗಾ?"

ಹೌದೆಂದು ತಲೆ ಆಡಿಸಿದೆ. "ಹೋಗು ಹೋಗು, ಕೆಳಗೆ ಹೋಗು. ನಾನು ನೋಡ್ಕೊತೀನಿ" ಎಂದಳು.

ಕೆಳಗಿನ ಕೌಂಟರಿನಲ್ಲಿ ನಿಂತೇ ಕೆಲಸ. ಯಾರೂ ಕಟ್ಟಿಹಾಕುವುದಿಲ್ಲ, ಓಣಿಯ ಬಾಗಿಲು ಹತ್ತಿರ. ಬ್ಲೌಸ್ ಪೀಸಿಗೆ ಬಣ್ಣ ಹೊಂದಿಸಿ ಕೊಡುವುದರಲ್ಲಿ ಮರ್ಯಾದೆ ಕಡಿಮೆ, ನೆಮ್ಮದಿ ಜಾಸ್ತಿ. ಆ ಮೂರು ದಿನ ನಾನು ಸುಖವಾಗಿದ್ದೆ. ಅದೇ ತಪ್ಪಾಯಿತು. ಆಮೇಲೆ ನೆಗಡಿ ಬಂದಾಗ ಹೊರಗಾದೆ, ಬಟ್ಟೆ ಒಣಗದ ದಿನ ಹೊರಗಾದೆ, ಸುಮ್ಮನೆ ಸಾಕಾಗಿಹೋದ ದಿನವೂ ಹೊರಗಾದೆ. ನಿಜವಾಗಿ ಮುಟ್ಟಾದಾಗ ಅಂತೂ ಇದ್ದೇ ಇತ್ತು.

ಗಂಡಸರು ಇದನ್ನೆಲ್ಲ ಗಮನಿಸುವುದಿಲ್ಲ, ಹೆಂಗಸರು ಬಿಡುವುದಿಲ್ಲ. ಯುಗಾದಿ ಹತ್ತಿರ ಬಂದಾಗ ಹಲಸೂರಕ್ಕ ಊಟದ ಡಬ್ಬಿ ಮುಚ್ಚಿಟ್ಟು ನನ್ನ ಕೈ ಹಿಡಿದುಕೊಂಡಳು. ಅಕ್ಕರೆ ಉಕ್ಕಿದಾಗ ಅವಳು ತಮಿಳರ ಹಾಗೆ ನನ್ನನ್ನು ಕಣ್ಣು ಅನ್ನುವವಳು.

"ಇದು ಸರಿ ಇಲ್ಲ ಕಣ್ಣು. ನಿಂಗೆ ನಿಲ್ತಾನೇ ಇಲ್ಲ. ಒಳಗೇ ಇಟ್ಕೊಂಡ್ರೆ ಆಗತ್ತಾ? ನಾನು ಅಮ್ಮಾವ್ರಿಗೆ ಹೇಳ್ಬಿಟ್ಟಿದೀನಿ. ಬೈಬೇಡ."

ಅಂದೇ ಸಂಜೆ ಅಮ್ಮಾವ್ರು ಕ್ಯಾಶ್ ರೂಮಿಗೆ ಕರೆದು ಬಾಗಿಲು ಹಾಕಿಸಿದರು.

"ಎಷ್ಟು ದಿನದಿಂದ ಹೀಗೆ?"

"ಏನಮ್ಮಾ?"

"ನನ್ನ ಹತ್ರ ಮುಚ್ಚಿಡ್ಬೇಡ. ನಮ್ಮತ್ತಿಗೆನೂ ಹೀಗೇ ಮುಚ್ಚಿಟ್ಟಿದ್ಲು. ರಕ್ತ ಹೋಗ್ತಿದೆ ಅಂತ ಯಾರಿಗೂ ಹೇಳ್ಲಿಲ್ಲ. ಕೊನೆಗೆ ಕ್ಯಾನ್ಸರ್ ಅಂತ ಗೊತ್ತಾಗೋಷ್ಟ್ರಲ್ಲಿ ಹೋಗೇಬಿಟ್ಲು."

ಅವರ ಕಣ್ಣಲ್ಲಿ ನೀರು ಬಂತು. ಆ ಕಣ್ಣೀರಿನ ಮುಂದೆ, ಅದಲ್ಲ ಅಮ್ಮಾವ್ರೇ, ಬರೀ ಉಚ್ಚೆ ಅನ್ನುವುದಕ್ಕೆ ನನಗೆ ಬಾಯಿ ಬರಲಿಲ್ಲ. ರಕ್ತ ಅಂದರೆ ಜನ ಅಯ್ಯೋ ಪಾಪ ಅನ್ನುತ್ತಾರೆ. ಉಚ್ಚೆ ಅಂದರೆ ಮೂಗು ಮುಚ್ಚಿಕೊಳ್ಳುತ್ತಾರೆ. ಅದೂ ಅವರ ಗಾದಿಯ ಮೇಲೆ. ಕೆಲಸ ಹೋಗುತ್ತದೆ ಎನ್ನುವುದು ಆಮೇಲಿನ ಮಾತು, ಆ ಮುಖದಲ್ಲಿ ಅಸಹ್ಯ ಮೂಡುವುದನ್ನು ನೋಡಲು ನನ್ನಿಂದಾಗುತ್ತಿರಲಿಲ್ಲ. ತಲೆ ತಗ್ಗಿಸಿದೆ. ಅದನ್ನು ಅವರು ಹೌದೆಂದು ತಿಳಿದರು.

ಅವರೇ ಕಾರಿನಲ್ಲಿ ಕೂರಿಸಿಕೊಂಡು ಇಂದಿರಾನಗರದ ಒಂದು ನರ್ಸಿಂಗ್ ಹೋಮಿಗೆ ಕರೆದೊಯ್ದರು. ಡಾಕ್ಟರು ಬರೆದುಕೊಳ್ಳುತ್ತಲೇ ಕೇಳಿದರು.

"ಎಷ್ಟು ಮಕ್ಕಳು?"

"ಎರಡು."

"ಇನ್ನು ಬೇಕಾ?"

"ಈ ವಯಸ್ಸಲ್ಲಿ ಇನ್ನೇನು ಡಾಕ್ಟ್ರೇ" ಎಂದು ಅಮ್ಮಾವ್ರೇ ನನ್ನ ಪರವಾಗಿ ಹೇಳಿದರು.

"ಹಾಗಾದ್ರೆ ಗರ್ಭಚೀಲ ತೆಗೆಸಿಬಿಡಿ. ಇಟ್ಕೊಂಡು ಏನ್ಮಾಡ್ತೀರಾ? ತಾಪತ್ರಯಾನೇ ಇರಲ್ಲ."

ಹಲ್ಲು ಕೀಳಿಸುವ ಹಾಗೆ ಹೇಳಿದರು. ಈಗಲೂ ಹೋಗುತ್ತಿದೆಯಾ ಎಂದರು, ಹೌದೆಂದೆ. ಹಾಗಾದರೆ ಇವತ್ತು ಪರೀಕ್ಷೆ ಬೇಡ, ಮೊದಲು ಒಂದು ಸ್ಕ್ಯಾನ್ ಮಾಡಿಸಿ, ಮುಂದಿನ ವಾರ ಆಪರೇಷನ್ ಎಂದು ಬರೆದುಕೊಟ್ಟರು. ಹೊರಗೆ ಬಂದಾಗ ಅಮ್ಮಾವ್ರು ನನ್ನ ಬೆನ್ನು ಸವರಿ, "ಖರ್ಚಿನ ಯೋಚ್ನೆ ನಿಂಗೆ ಬೇಡ" ಎಂದರು. ಅವರ ಒಳ್ಳೆಯತನವೇ ನನ್ನ ಕೊರಳಿಗೆ ಸುತ್ತಿಕೊಂಡಿತ್ತು.

ಮನೆಯಲ್ಲಿ ಗಂಡನಿಗೆ ಹೇಳಿದೆ. ಆತ ಮಾತು ಕಡಿಮೆಯ ಮನುಷ್ಯ. ಊಟದ ತಟ್ಟೆ ಬದಿಗೆ ಸರಿಸಿದ.

"ರಕ್ತ ಎಲ್ಲಿ ಹೊಂಟದ? ನೀ ದಿನಾ ಒಗಿಯೂ ಅರಿಬಿ ನಾ ನೋಡಿಲ್ಲೇನು? ಅವೆಲ್ಲಾ ನೀರಿಂದೇ ಅವ."

ಇಷ್ಟು ವರ್ಷ ಟವೆಲಿನ ಅಡಿ ಮುಚ್ಚಿದ್ದನ್ನು ಆತ ನೋಡಿದ್ದಾನೆ, ನೋಡಿ ಸುಮ್ಮನಿದ್ದಾನೆ. ಸಿಟ್ಟೂ ಬಂತು, ಅಳುವೂ ಬಂತು.

"ಇದನ್ ತೆಗದ್ರ ಅದೂ ನಿಂದರ್ತದೇನೋ" ಎಂದೆ.

"ಹಂಗಂತ ಡಾಕ್ಟರ್ ಅಂದಾರೇನು?"

"ಕೇಳಿಲ್ಲ."

"ಕೇಳದೇ ಹೊಟ್ಟಿ ಕೊಯ್ಸಕೋತೀ?"

ನಿಜ ಹೇಳಬೇಕೆಂದರೆ ನನಗೆ ಆಗ ಗರ್ಭಚೀಲದ ಮೇಲೆ ಮೋಹವೇನೂ ಇರಲಿಲ್ಲ. ಹೊಟ್ಟೆ ಕೊಯ್ದರೆ ತಿಂಗಳುಗಟ್ಟಲೆ ಮಲಗುತ್ತೇನಲ್ಲ, ಗಾದಿಯೂ ಇಲ್ಲ, ಬಸ್ಸೂ ಇಲ್ಲ ಎಂದು ಒಳಗೊಳಗೇ ಹಾಯೆನಿಸಿತ್ತು. ಅಷ್ಟು ದಣಿದಿದ್ದೆ.

ಸ್ಕ್ಯಾನ್ ಅಂದರೆ ಫೋಟೋ ತೆಗೆದ ಹಾಗೆ, ಮಲಗಿದರೆ ಮುಗಿಯಿತು ಎಂದುಕೊಂಡು ಹೋಗಿದ್ದೆ. ಅಲ್ಲಿನ ನರ್ಸು ಒಂದು ದೊಡ್ಡ ಜಗ್ ನೀರು ತಂದಿಟ್ಟಳು. "ಪೂರ್ತಿ ಕುಡೀರಿ. ಮೂತ್ರದ ಚೀಲ ತುಂಬಿದ್ರೇ ಗರ್ಭಚೀಲ ಕಾಣೋದು. ತಡೆಯಕ್ಕಾಗಲ್ಲ ಅನ್ನೋವಾಗ ಹೇಳಿ. ಅಲ್ಲೀತನ್ಕ ಬಾತ್‌ರೂಮಿಗೆ ಹೋಗ್ಬೇಡಿ."

ಅಮ್ಮಾವ್ರು ಪಕ್ಕದಲ್ಲಿ ಕೂತು ಪ್ರೀತಿಯಿಂದ ಲೋಟಕ್ಕೆ ಬಗ್ಗಿಸಿ ಬಗ್ಗಿಸಿ ಕೊಟ್ಟರು. "ಇನ್ನೊಂದು ಲೋಟ, ಬಾ. ಕುಡಿ." ಎಷ್ಟೋ ವರ್ಷದ ಮೇಲೆ ಹೊಟ್ಟೆ ತುಂಬ ನೀರು ಕುಡಿದದ್ದು ಅವತ್ತೇ. ನೀರು ಅಷ್ಟು ರುಚಿಯಾಗಿರುತ್ತದೆಂದು ಮರೆತೇಹೋಗಿತ್ತು.

ಒಳಗೆ ಕರೆದರು. ಸ್ಕ್ಯಾನ್ ಮಾಡುವ ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ಹೊಟ್ಟೆಗೆ ತಣ್ಣನೆ ಅಂಟು ಹಚ್ಚಿ, ಯಂತ್ರ ಒತ್ತಿ ನೋಡಿ, "ತುಂಬಿಲ್ಲ. ಇನ್ನೂ ಕುಡೀರಿ" ಎಂದು ಕಳಿಸಿದರು. ತುಂಬುವುದು ಹೇಗೆ? ಬೆಂಚಿನಲ್ಲಿ ಕೂತಲ್ಲೇ ಒಂದೇ ಸಮನೆ ಇಳಿದುಹೋಗುತ್ತಿತ್ತು. ನನ್ನ ಹೊಲಿದ ಬಟ್ಟೆ ಒದ್ದೆಮುದ್ದೆಯಾಗಿ ಕೂತಿತ್ತು. ಇನ್ನೊಂದು ಜಗ್ ಬಂತು. ಅಮ್ಮಾವ್ರು ಮತ್ತೆ ಬಗ್ಗಿಸಿದರು. ಎರಡನೆಯ ಸಲವೂ ಅದೇ, ಯಂತ್ರ ಒತ್ತಿದ ಕೂಡಲೇ ಇನ್ನಷ್ಟು ಹೋಯಿತು. ಮಂಚದ ರಬ್ಬರ್ ಹಾಳೆಯ ಮೇಲೆ ಹರಿದದ್ದು ಅವರಿಗೂ ಕಾಣಿಸಿರಬೇಕು. ಆದರೂ ಕೇಳಿದರು.

"ನೀರು ಕುಡಿದ್ರಾ ಇಲ್ವಾಮ್ಮಾ?"

"ಕುಡಿದೆ" ಎಂದೆ. "ನಿಲ್ಲಲ್ಲ."

"ಏನು ನಿಲ್ಲಲ್ಲ?"

"ಒಂದಕ್ಕೆ. ನಿಲ್ಲಲ್ಲ. ಮಗಳು ಹುಟ್ಟಿದಾಗಿಂದ ನಿಲ್ಲಲ್ಲ."

ಅವರು ಕೈಯಲ್ಲಿದ್ದ ಚೀಟಿ ನೋಡಿದರು. "ಇಲ್ಲಿ ಬ್ಲೀಡಿಂಗ್ ಅಂತ ಇದೆಯಲ್ಲ?"

ಆ ಮಂಚದ ಮೇಲೆ ಒದ್ದೆಯಲ್ಲಿ ಮಲಗಿಕೊಂಡು ನಾನು ಯೋಚಿಸಿದೆ. ಈಗ ಹೌದು ಅಂದರೆ ಮುಂದಿನ ವಾರ ಹೊಟ್ಟೆ ಕೊಯ್ಯುತ್ತಾರೆ. ಕೊಯ್ದ ಮೇಲೂ ಇದು ಹೀಗೇ ಹರಿದರೆ? ಆಗ ಯಾರ ಹತ್ತಿರ ಹೋಗಿ ಏನು ಸುಳ್ಳು ಹೇಳಲಿ? ಹೊಸ ಸುಳ್ಳು ಹುಡುಕುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

"ರಕ್ತ ಇಲ್ಲ ಮೇಡಮ್. ನಾನು ಹಾಗಂತ ಹೇಳಿದ್ದು. ಇದನ್ನ ಹೇಳಕ್ಕೆ ನಾಚಿಕೆ ಆಗಿ."

ಅವರು ಯಂತ್ರ ಬದಿಗಿಟ್ಟು, ನನ್ನ ಹೊಟ್ಟೆಯ ಅಂಟು ಅವರೇ ಒರೆಸಿದರು. "ಇದಕ್ಕೆ ಈ ಸ್ಕ್ಯಾನೂ ಬೇಡ, ಆ ಆಪರೇಷನ್ನೂ ಬೇಡ. ಹೊರಗಿರೋವ್ರಿಗೆ ನಾನು ಹೇಳ್ಲಾ, ನೀವೇ ಹೇಳ್ತೀರಾ?" ಎಂದರು. ನಾನೇ ಹೇಳುತ್ತೇನೆಂದೆ.

ಹೇಳಿದೆ. ಅಮ್ಮಾವ್ರ ಕೈಯಲ್ಲಿ ಇನ್ನೂ ನೀರಿನ ಲೋಟವಿತ್ತು. ಅವರು ಕೇಳಿದ ಮೊದಲ ಮಾತು, "ಗಾದಿ ಮೇಲೆ?"

"ಬಟ್ಟೆ ಇಟ್ಕೊಂಡೇ ಕೂರ್ತಿದ್ದೆ ಅಮ್ಮಾವ್ರೇ. ಗಾದಿಗೆ ಯಾವತ್ತೂ ತಾಗಿಸಿಲ್ಲ."

"ಮುಟ್ಟಾದ್ರೆ ಮೂರು ದಿನ ಅಂತ ಇದೆ. ಇದಕ್ಕೆ ಎಷ್ಟು ದಿನ ಅಂತ ಲೆಕ್ಕ?"

ಬರುವಾಗ ಕಾರಿನಲ್ಲಿ ನನ್ನ ಪಕ್ಕದಲ್ಲೇ ಕೂತು ಬಂದವರು, ಹೋಗುವಾಗ ಡ್ರೈವರಿನ ಪಕ್ಕದ ಸೀಟಿನಿಂದ ಅವತ್ತಿನ ಪೇಪರು ತೆಗೆದು, ಬಿಚ್ಚಿ, ಹಿಂದಿನ ಸೀಟಿನ ಮೇಲೆ ಹಾಸಿದರು. ಸಿಟ್ಟಿನಿಂದಲ್ಲ. ಮಗು ಇರುವ ಮನೆಯಲ್ಲಿ ಹಾಸುವ ಹಾಗೆ ಸುಮ್ಮನೆ ಹಾಸಿದರು. ನಾನು ಅದರ ಮೇಲೆ ಕೂತೆ, ಅವರು ಮುಂದೆ ಕೂತರು. ಟಿನ್ ಫ್ಯಾಕ್ಟರಿಯಲ್ಲಿ ನನ್ನನ್ನು ಇಳಿಸುವ ತನಕ, ಕಾರು ಕುಲುಕಿದಾಗೆಲ್ಲ ಪೇಪರು ಸದ್ದು ಮಾಡುತ್ತಿತ್ತು. ಸ್ವಲ್ಪ ದಿನ ರಜಾ ತಗೋ ಎಂದರು. ಬಾಗಿಲು ಹಾಕಿಕೊಂಡರು.

ಮನೆಯಲ್ಲಿ ಕೂತು ಬೇಕಾದಷ್ಟು ಅತ್ತೆ. ಕೆಲಸ ಹೋಯಿತೆಂದೇ ತಿಳಿದೆ. ಆದರೆ ಒಂದು ವಿಚಿತ್ರ ನೋಡಿ. ಒಂದು ಸಲ ಬಾಯಿಬಿಟ್ಟ ಮೇಲೆ ಎರಡನೆಯ ಸಲ ಅಷ್ಟು ಕಷ್ಟವಾಗಲಿಲ್ಲ. ಗಂಡನ ಜೊತೆ ಶಿವಾಜಿನಗರದ ದೊಡ್ಡಾಸ್ಪತ್ರೆಗೆ ಹೋಗಿ, ಸಾಲಿನಲ್ಲಿ ನಿಂತು, ಚೀಟಿ ಬರೆಯುವವನಿಗೇ "ಮೂತ್ರ ಸೋರ್ತದ್ರಿ" ಎಂದೆ. ಅವನು ತಲೆ ಎತ್ತದೆ ರೂಮಿನ ನಂಬರು ಹೇಳಿದ. ಅಷ್ಟೇ ಆದದ್ದು.

ಅಲ್ಲಿನ ಡಾಕ್ಟರಮ್ಮ ಮಲಗಿಸಿ ಕೆಮ್ಮಿಸಿದರು. ನಿಲ್ಲಿಸಿ ಕೆಮ್ಮಿಸಿದರು. ನೀರು ಎಷ್ಟು ಕುಡಿಯುತ್ತೀಯ ಎಂದು ಕೇಳಿ, ನನ್ನ ಉತ್ತರಕ್ಕೆ ಚೆನ್ನಾಗಿ ಬೈದರು. ಹೆರಿಗೆಯಲ್ಲಿ ತಳದ ಸ್ನಾಯು ಸಡಿಲಾಗಿದೆ, ಅದಕ್ಕೆ ಕೆಮ್ಮಿದರೆ ಸೋರುತ್ತದೆ. ನೀರು ಕುಡಿಯದೆ ಚೀಲವನ್ನು ಕೆರಳಿಸಿಟ್ಟಿದ್ದೀಯ, ಅದಕ್ಕೆ ಅವಸರ ಎಂದು ಬಿಡಿಸಿ ಹೇಳಿದರು. ಮೊದಲು ವ್ಯಾಯಾಮ, ಅದಕ್ಕೂ ಬಗ್ಗದಿದ್ದರೆ ಎತ್ತಿ ಕಟ್ಟುವ ಆಪರೇಷನ್, ಅದನ್ನು ಆಮೇಲೆ ನೋಡೋಣ ಅಂದರು. ವ್ಯಾಯಾಮ ಕಲಿಸುವವರು ಬೇರೆ ಒಬ್ಬರು, ಮಲಯಾಳಿ ಹೆಂಗಸು. ಜನರ ಮಧ್ಯೆ ಕೂತಾಗ ಹೂಸು ತಡೆಯುತ್ತೀರಲ್ಲ, ಹಾಗೆ ಒಳಗೆ ಎಳೆದು ಹಿಡಿಯಬೇಕು, ಹೊಟ್ಟೆ ಬಿಗಿಯಬಾರದು, ಉಸಿರು ಕಟ್ಟಬಾರದು, ಸ್ವಲ್ಪ ಹೊತ್ತು ಹಿಡಿದು ಬಿಡಬೇಕು. ಏನನ್ನಾದರೂ ಎತ್ತುವ ಮುಂಚೆ, ಸೀನು ಬರುವ ಮುಂಚೆ ಮೊದಲು ಹಿಡಿದುಕೊಳ್ಳಬೇಕು. ಒಂದೆರಡು ವಾರದಲ್ಲಿ ಏನೂ ಆಗುವುದಿಲ್ಲ, ತಿಂಗಳುಗಟ್ಟಲೆ ಮಾಡಬೇಕು. ಆಮೇಲೆ, ನೀರು ಕುಡಿಯಬೇಕು. ಅವಸರ ಬರುವ ತನಕ ಕಾಯದೆ ಹೊತ್ತು ಹೊತ್ತಿಗೆ ಹೋಗಿಬರಬೇಕು.

ಹದಿನಾಲ್ಕು ವರ್ಷದ ನರಕಕ್ಕೆ ಇಷ್ಟೇನಾ ಎಂದು ಹೊಟ್ಟೆ ಉರಿಯಿತು. ಆದರೆ ಮಾಡಿದೆ. ಬಸ್ಸಿಗೆ ಕಾಯುವಾಗ ಮಾಡಿದೆ, ರೊಟ್ಟಿ ಬಡಿಯುವಾಗ ಮಾಡಿದೆ. ಎಷ್ಟೋ ದಿನ ಏನೂ ಬದಲಾಗಲಿಲ್ಲ. ನೀರು ಜಾಸ್ತಿ ಕುಡಿದು ಮೊದಮೊದಲು ಸೋರುವುದು ಇನ್ನೂ ಹೆಚ್ಚಾಯಿತು. ಎರಡು ಸಲ ಬಿಟ್ಟೂ ಬಿಟ್ಟೆ, ಗಂಡ ಎದುರಿಗೆ ಚೊಂಬು ತಂದಿಟ್ಟು ಸುಮ್ಮನೆ ಕೂತುಬಿಡುತ್ತಿದ್ದ. ಮತ್ತೆ ಶುರುಮಾಡಿದೆ. ಮೊದಲು ಉರಿ ಹೋಯಿತು. ಆಮೇಲೆ ವಾಸನೆ. ಆಮೇಲೆ ಒಂದು ದಿನ ಬಿಂದಿಗೆ ಎತ್ತಿದಾಗ ಬಟ್ಟೆ ಒಣಗಿತ್ತು.

ಅಷ್ಟರಲ್ಲಿ ಅಮ್ಮಾವ್ರು ಹೇಳಿಕಳಿಸಿದ್ದರು. ಕೆಲಸಕ್ಕೆ ಬಾ, ಆದರೆ ಕೆಳಗೆ, ಬ್ಲೌಸ್ ಪೀಸಿಗೆ. ಯಜಮಾನರಿಗಾಗಲೀ ಬೇರೆಯವರಿಗಾಗಲೀ ಅವರು ಏನೂ ಹೇಳಿರಲಿಲ್ಲ. ಅವಳಿಗೆ ಹುಷಾರಿಲ್ಲ, ಮೆಟ್ಟಿಲು ಹತ್ತಬಾರದು ಅಂತಷ್ಟೇ. ಹಲಸೂರಕ್ಕ ಮಾತ್ರ ಆಪರೇಷನ್ ಆಗಿದೆಯೆಂದೇ ತಿಳಿದು ನನಗೆ ಭಾರ ಎತ್ತಲು ಬಿಡುತ್ತಿರಲಿಲ್ಲ. ನಾನು ದಿನವಿಡೀ ನಿಂತು ಬಣ್ಣ ಹೊಂದಿಸಿದೆ. ಮೇಲಿನಿಂದ ಸೀರೆ ಒದರುವ ಸದ್ದು ಕೇಳಿದಾಗ ಕೈ ಕಡಿಯುತ್ತಿತ್ತು.

ಒಂದು ದಿನ ಅಮ್ಮಾವ್ರು ಕೌಂಟರಿನ ಹತ್ತಿರ ಬಂದು, ಯಾವುದೋ ಬಟ್ಟೆ ನೋಡುವವರ ಹಾಗೆ ನಿಂತು ಕೇಳಿದರು. "ಏನಂತಾರೆ ಡಾಕ್ಟ್ರು?"

"ನೀರು ಕುಡಿ, ಹೊತ್ತು ಹೊತ್ತಿಗೆ ಹೋಗು ಅಂತಾರೆ."

"ಅಷ್ಟೇನಾ?"

"ಅಷ್ಟೇ. ಗಾದಿ ಮೇಲೆ ಕೂತು ಅಷ್ಟನ್ನೇ ಮಾಡಕ್ಕಾಗಲ್ಲ ಅಮ್ಮಾವ್ರೇ."

ಅವರು ಬಟ್ಟೆ ಮಡಚಿಟ್ಟು ಹೋದರು.

ಕಾರ್ತಿಕದಲ್ಲಿ ಹೊಸಕೋಟೆ ಕಡೆಯ ಒಂದು ಕುಟುಂಬ ಬಂತು. ಹಿರಿಯ ಹೆಣ್ಣುಮಕ್ಕಳಿಬ್ಬರಿಗೂ ನನ್ನ ಕೈಯಿಂದಲೇ ಧಾರೆ ಸೀರೆ ಒಯ್ದಿದ್ದವರು. ಈಗ ಮೂರನೆಯವಳದು. ಮದುಮಗಳು, ತಾಯಿ, ಅಜ್ಜಿ, ಸೋದರತ್ತೆ. ತಾಯಿ ಗಾದಿಯಲ್ಲಿ ಕೂತು ಹಲಸೂರಕ್ಕ ತೋರಿಸಿದ್ದನ್ನೆಲ್ಲ ನೋಡಿ, ಯಾವುದೂ ಮನಸ್ಸಿಗೆ ಬರದೆ, ಗುಲ್ಬರ್ಗದಮ್ಮ ಎಲ್ಲಿ ಎಂದರಂತೆ. ಯಜಮಾನರೇ ಮೆಟ್ಟಿಲಿಳಿದು ಬಂದರು.

"ನಿಮ್ಮನ್ನೇ ಕೇಳ್ತಿದಾರೆ. ಇದೊಂದು ಸಲ ಮೇಲೆ ಬಂದ್ಬಿಡಿ."

ಹೋಗಬೇಕೆಂದು ಜೀವ ತುಡಿಯಿತು. ಆದರೆ ಆ ಕೂತಲ್ಲೇ ಕೂರುವುದು, ಆ ಒಣಗಿದ ಗಂಟಲು, ಆ ಸುಳ್ಳು, ಮತ್ತೆ ಮೊದಲಿಂದ ಶುರುವಾಗುವುದು ನನಗೆ ಬೇಕಿರಲಿಲ್ಲ.

"ಬರ್ತೀನಿ. ಆದ್ರೆ ನಡುವೆ ಏಳ್ತೀನಿ. ಒಂದಕ್ಕೆ ಹೋಗ್ಬೇಕಾದಾಗ ಹೋಗ್ತೀನಿ. ಅದೂ ಓಣಿ ದಾಟಿ ಹೋಗಕ್ಕಾಗಲ್ಲ, ಮೇಲಿರೋದಕ್ಕೇ ಹೋಗ್ತೀನಿ."

ಯಜಮಾನರು ನಾನು ಏನೋ ಬೇರೆ ಭಾಷೆಯಲ್ಲಿ ಮಾತಾಡಿದೆನೆಂಬ ಹಾಗೆ ನೋಡಿದರು. "ಧಾರೆ ಸೀರೆ ನಡುವೆ ಏಳೋದು ಅಂದ್ರೆ? ಯಾವ ಕಾಲದಿಂದ ಇದೆ ಈ ಪದ್ಧತಿ, ನಿಮಗೆ ಗೊತ್ತಿಲ್ವಾ?"

"ಗೊತ್ತು ಸಾರ್. ಅದಕ್ಕೇ ಕೆಳಗಿದೀನಿ."

ಮೆಟ್ಟಿಲಿನ ಮೇಲ್ತುದಿಯಲ್ಲಿ ಅಮ್ಮಾವ್ರು ನಿಂತಿದ್ದರು. ಎಲ್ಲ ಕೇಳಿಸಿಕೊಂಡಿರಬೇಕು. ಇಳಿದು ಬಂದವರೇ ಸೊಂಟದ ಗೊಂಚಲು ತೆಗೆದು, ಉಗುರಿನಿಂದ ಗೊಂಚಲಿನ ಬಳೆ ಅಗಲಿಸಿ ಒಂದು ಬೀಗದ ಕೈ ಬಿಡಿಸಿದರು. ಅದು ಬೇಗ ಬರಲಿಲ್ಲ, ಉಗುರು ಮುರಿಯಿತು. ನನ್ನ ಅಂಗೈಗೆ ಹಾಕಿದರು. ಗಂಡನ ಕಡೆ ತಿರುಗಿ, "ಗಿರಾಕಿ ಕಾಯ್ತಿದಾರೆ" ಎಂದಷ್ಟೇ ಹೇಳಿದರು.

ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿ, ಮೇಲೆ ಹೋಗಿ ಗಾದಿಯಲ್ಲಿ ಕೂತೆ. ಪಕ್ಕಕ್ಕೆ ನೀರಿನ ಬಾಟಲಿ ಇಟ್ಟುಕೊಂಡೆ. ಕಟ್ಟು ಎತ್ತುವ ಮುಂಚೆ ಆ ಮಲಯಾಳಿ ಹೆಂಗಸು ಹೇಳಿದ ಹಾಗೆ ಹಿಡಿದುಕೊಂಡೆ. ಒಂದೊಂದಾಗಿ ಒದರಿದೆ. ತಾಯಿಯ ಆಯ್ಕೆ ಎರಡು ಸೀರೆಗೆ ಬಂದು ನಿಂತಿತು, ಒಂದು ಅರಗಿಳಿ ಹಸಿರು, ಒಂದು ಅರಿಶಿನ ಬಣ್ಣಕ್ಕೆ ಕೆಂಪಂಚು. ಎರಡರ ಸೆರಗನ್ನೂ ಮಗಳ ಭುಜದ ಮೇಲೆ ಹಾಕಿ ನೋಡುತ್ತಿದ್ದರು. ಆಗಲೇ ನಾನು ಹೋಗಿಬರುವ ಹೊತ್ತಾಯಿತು. ಇನ್ನು ಐದು ನಿಮಿಷ ಕೂತಿದ್ದರೆ ಕುಂಕುಮ ಬೀಳುತ್ತಿತ್ತು. ಮೊದಲಾಗಿದ್ದರೆ ಕೂತಿರುತ್ತಿದ್ದೆ.

ಎದ್ದೆ. ಹಲಸೂರಕ್ಕ "ಅಯ್ಯೋ ಕಡವುಳೇ" ಎಂದು ದೇವರನ್ನು ಕರೆದಳು. ಯಜಮಾನರು ಮುಂದೆ ಬಂದರು. ಮದುಮಗಳ ತಾಯಿ ಗಾಬರಿಯಿಂದ ನನ್ನತ್ತ ನೋಡಿದರು.

"ಒಂದಕ್ಕೆ ಹೋಗ್ಬಂದ್ಬಿಡ್ತೀನಮ್ಮಾ. ನೀವು ನೋಡ್ತಿರಿ" ಎಂದೆ.

ಆಮೇಲೆ ಆಕೆ ಕಾಲು ಮಡಚಿದಲ್ಲಿಂದ ಬಿಡಿಸಿಕೊಂಡು, ಒಂದು ಕೈ ಊರಿ ಏಳತೊಡಗಿದರು.

"ಇಲ್ಲಿ ಇದೆಯೇನ್ರೀ? ಎಲ್ಲಿ? ನಾನೂ ಬರ್ತೀನಿ. ಹೊಸಕೋಟೆ ಬಿಟ್ಟಾಗಿಂದ ತಡ್ಕೊಂಡು ಕೂತಿದೀನಿ ತಾಯಿ. ಅದಕ್ಕೇ ಯಾವ ಸೀರೇನೂ ತಲೆಗೆ ಹೋಗ್ತಿಲ್ಲ."

"ನನ್ನೂ ಎಬ್ಬಿಸೇ" ಎಂದರು ಅಜ್ಜಿ.

ನಾನು ಹೋಗಿಬಂದೆ. ತಾಯಿ ಹೋದರು, ಅಜ್ಜಿಯನ್ನು ಕೈಹಿಡಿದು ಒಳಗೆ ಬಿಟ್ಟರು, ಸೋದರತ್ತೆ ಬಾಗಿಲಲ್ಲಿ ಕಾದು ನಿಂತರು. ಗಾದಿಯ ಮೇಲೆ ಉಳಿದವರು ಎರಡು ಭುಜಕ್ಕೂ ಎರಡು ಸೆರಗು ಹೊದ್ದ ಮದುಮಗಳು, ಆ ಸೀರೆಗಳು ಜಾರದ ಹಾಗೆ ತುದಿ ಹಿಡಿದು ಕೂತ ಯಜಮಾನರು. ಸೋದರತ್ತೆ ಹೊರಬಂದ ಮೇಲೆ ಬೀಗ ಹಾಕಲು ಹೋದೆ. ಹಿಂದೆ ಯಾರೋ ನಿಂತಿದ್ದರು. ತಿರುಗಿದರೆ ಹಲಸೂರಕ್ಕ, ಕೈ ಚಾಚಿಕೊಂಡು.

"ಕೊಡು ಕಣ್ಣು. 'ಇದರ ಕೀ ಕೊಡಿ' ಅಂತ ಮೊದಲೇ ಕೇಳ್ಬಾರ್ದಾಗಿತ್ತಾ ನೀನು?"

ಅವಳೂ ಕೇಳಿರಲಿಲ್ಲ, ನನಗಿಂತ ಎಷ್ಟೋ ವರ್ಷ ಹೆಚ್ಚು ಆ ಗಾದಿಯ ಮೇಲೆ ಕೂತವಳು. ಕೈಯಲ್ಲಿದ್ದ ಬೀಗದ ಕೈ ನೋಡಿದೆ. ಕಿರುಬೆರಳಿನಷ್ಟುದ್ದದ ಹಿತ್ತಾಳೆಯ ಕೈ. ಇದನ್ನು ಕೊಡಿ ಎಂದು ಕೇಳುವುದಕ್ಕಿಂತ ನನಗೆ ಗರ್ಭಚೀಲ ತೆಗೆಸಿಕೊಳ್ಳುವುದೇ ಸುಲಭವಾಗಿ ಕಂಡಿತ್ತಲ್ಲ ಎಂದು ನೆನೆದು ಕಣ್ಣು ತುಂಬಿತು. ಬೀಗದ ಕೈಯನ್ನು ಅವಳ ಅಂಗೈಗೆ ಹಾಕಿ, ಹೋಗಿ ಗಾದಿಯಲ್ಲಿ ಕೂತೆ.